ಫೋರ್ಟಿನಲ್ಲಿ ನನ್ನ ಬದಲು ತಿಂದವರು

ಆ ಜ್ವರ ಬಿಟ್ಟ ಮೇಲೆ ನನಗೆ ವಾಸನೆ ತಿಳಿಯುವುದು ನಿಂತುಹೋಯಿತು, ಅದರ ಬೆನ್ನಿಗೇ ರುಚಿಯೂ. ಆ ವರ್ಷ ಮುಂಬಯಿಯಲ್ಲಿ ಬಹಳ ಜನರಿಗೆ ಹೀಗಾಗಿತ್ತು. ನಮ್ಮ ಬಿಲ್ಡಿಂಗಿನಲ್ಲೇ ನಾಲ್ಕೈದು ಮಂದಿ. ಅವರಿಗೆಲ್ಲ ಕೆಲವು ವಾರಗಳಲ್ಲಿ ಮರಳಿ ಬಂತು, ನನಗೆ ಬರಲಿಲ್ಲ. ಬಾಯಿಗೆ ಇಟ್ಟದ್ದು ಬಿಸಿಯೋ ತಣ್ಣಗೋ, ಮೆತ್ತಗೋ ಗರಿಯೋ ಎಂದು ಗೊತ್ತಾಗುತ್ತಿತ್ತು. ಮೆಣಸಿದ್ದರೆ ಉರಿಯುತ್ತಿತ್ತು. ಉಳಿದಂತೆ ಕಾಗದ ಅಗಿದ ಹಾಗೆ.

ನನ್ನ ಕೆಲಸವೆಂದರೆ ಜನರನ್ನು ದಕ್ಷಿಣ ಮುಂಬಯಿಯ ಫೋರ್ಟಿನ ಬೀದಿಗಳಲ್ಲಿ ನಡೆಸಿಕೊಂಡು ಹೋಗಿ, ಬ್ರಿಟಿಷರ ಕಾಲದ ಕಟ್ಟಡಗಳನ್ನು ತೋರಿಸಿ, ನಡುನಡುವೆ ಅಲ್ಲಲ್ಲಿಯ ತಿಂಡಿ ತಿನ್ನಿಸುವುದು. ಅದಕ್ಕೂ ಮೊದಲು ಹದಿನೈದು ವರ್ಷ ಅದೇ ಫೋರ್ಟಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಮಾಡುತ್ತ ಕೂತಿದ್ದೆ. ಅದು ಮುಚ್ಚಿದಾಗ, ಆಗಷ್ಟೇ ಈ ನಡಿಗೆಗಳನ್ನು ಶುರುಮಾಡಿದ್ದ ಹುಡುಗಿಯೊಬ್ಬಳು ನನ್ನನ್ನು ಕರೆದಳು. ಊಟದ ಹೊತ್ತಿಗೆ ಯಾವ ಗಲ್ಲಿಯಲ್ಲಿ ಏನು ಸಿಗುತ್ತದೆಂದು ನನಗೆ ಗೊತ್ತಿದ್ದುದೇ ಅವಳಿಗೆ ಬೇಕಾದ ಅರ್ಹತೆ. ರುಚಿ ಹೋದದ್ದನ್ನು ಅವಳಿಗೆ ನಾನು ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಮೊದಮೊದಲು ನಾಳೆ ಬಂದೀತು ಎಂದುಕೊಂಡೆ, ಆಮೇಲೆ ಹೇಳುವ ಹೊತ್ತು ಮೀರಿಹೋಗಿತ್ತು.

ಹೇಳದೆ ಕೆಲಸ ನಡೆಸುವುದು ಕಷ್ಟವಾಗಲಿಲ್ಲ. ಎಲ್ಲಿ ಏನು ಹೇಳಬೇಕೆಂದು ಬಾಯಿಪಾಠವಾಗಿತ್ತು. ಇರಾನಿ ಹೋಟೆಲಿನ ಬ್ರುನ್ ಮಸ್ಕಾ, ಅಂದರೆ ಬೆಣ್ಣೆ ಹಚ್ಚಿದ ಗರಿ ಬನ್ನು, ಚಹಾದಲ್ಲಿ ಅದ್ದಿ ತಿನ್ನಿ, ಬೆಣ್ಣೆ ಉಪ್ಪುಪ್ಪಾಗಿದೆ, ಚಹಾ ಸಿಹಿಯಾಗಿದೆ, ಎರಡೂ ಬಾಯಲ್ಲಿ ಜಗಳವಾಡುತ್ತವೆ ಎನ್ನುತ್ತಿದ್ದೆ. ಜನ ನಗುತ್ತಿದ್ದರು. ನಾನೂ ಒಂದು ತುಂಡು ಅದ್ದಿ ತಿಂದು ತಲೆಯಾಡಿಸುತ್ತಿದ್ದೆ. ಹೀಗೆ ಮೂರು ವರ್ಷ. ನಡುವೆ ನನಗೆ ಇನ್ನೊಂದು ಗೊತ್ತಾಯಿತು. ರುಚಿ ಹೋದದ್ದಕ್ಕೆ ನನಗೆ ದುಃಖವೂ ಆಗುತ್ತಿರಲಿಲ್ಲ. ರೈಲು ತಪ್ಪಿದರೆ ಸಿಟ್ಟು ಬರುತ್ತಿರಲಿಲ್ಲ. ಗೆಳತಿಯ ಮಗಳ ಮದುವೆಯಲ್ಲಿ ಎಲ್ಲರೂ ಅತ್ತಾಗ ನಾನು ಮಂಟಪದ ಹೂವು ಎಣಿಸುತ್ತ ನಿಂತಿದ್ದೆ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಫೋರ್ಟಿನ ಹಾರ್ನಿಮನ್ ಸರ್ಕಲ್‌ನ ತೋಟದ ಗೇಟಿನ ಬಳಿ ಆರು ಮಂದಿ ಕಾಯುತ್ತಿದ್ದರು. ಪುಣೆಯ ಗಂಡ ಹೆಂಡತಿ, ಇಬ್ಬರು ವಿದೇಶಿಯರು, ಒಬ್ಬಳು ಯುವತಿ, ಅವಳ ಜೊತೆಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಇಳಕಲ್ ಸೀರೆ, ಕಾಲಿಗೆ ಆ ಯುವತಿಯದೇ ಇರಬೇಕೆನ್ನಿಸುವ ಬಿಳಿ ಸ್ಪೋರ್ಟ್ಸ್ ಶೂ. ನನ್ನ ಹಣೆಯ ಮೇಲಿನ ಕುಂಕುಮವನ್ನೋ ಮಾತಿನ ಧಾಟಿಯನ್ನೋ ಗುರುತಿಸಿ ಅಜ್ಜಿ ಕೇಳಿದರು, "ಕನ್ನಡದಾಕಿ ಏನವಾ ನೀ?"

ಹೌದೆಂದೆ. ನಮ್ಮದು ಉಡುಪಿ ಕಡೆ, ಹುಟ್ಟಿದ್ದು ಬೆಳೆದದ್ದು ಇಲ್ಲೇ ಭಾಂಡುಪ್‌ನಲ್ಲಿ ಎಂದೆ.

"ನಾವು ಘಾಟ್ಕೋಪರ್. ಊರು ಬಾಗಲಕೋಟಿ ಕಡೆ. ಈಕಿ ನನ್ನ ಮಗನ ಮಗಳು. ಪಗಾರ ಬಂತಂತ ಅಜ್ಜಿನ್ನ ತಿರಗಸ್ತಾಳಂತ."

"ಅಜ್ಜಿ ಕಾ ಬರ್ತ್‌ಡೇ ಹೈ" ಎಂದಳು ಮೊಮ್ಮಗಳು. ನಂತರ ನನಗಾಗಿ ಕನ್ನಡಕ್ಕೆ ತಿರುಗಿ, "ಪಕ್ಕಾ ಡೇಟ್ ಗೊತ್ತಿಲ್ಲ. ನಾವೇ... ಏನಂತಾರೆ... ಡಿಸೈಡ್ ಮಾಡಿದ್ವಿ" ಎಂದು ನಕ್ಕಳು.

ಇರಾನಿ ಹೋಟೆಲು ಮುಗಿಸಿ ಒಂದು ಹಳೆಯ ಕಲ್ಲಿನ ಕಟ್ಟಡದ ಮುಂದೆ ನಿಂತು ನಾನು ಕಮಾನುಗಳ ಬಗ್ಗೆ ಹೇಳುತ್ತಿದ್ದೆ. ಅಜ್ಜಿ ನನ್ನ ಕಡೆ ನೋಡುತ್ತಿರಲಿಲ್ಲ. ಕತ್ತೆತ್ತಿ ಮೇಲಿನ ಮಹಡಿಯನ್ನು ನೋಡುತ್ತಿದ್ದರು.

"ಇದಕ್ಕ ರಿಪೇರಿ ಮಾಡುವಾಗ ನಾ ಸುಣ್ಣಾ ಹೊತ್ತೀನಿ" ಎಂದರು. "ಮದವಿಯಾಗಿ ಬಂದ ಮರುವರ್ಷ. ಅಲ್ಲಿ ಕಾಣತೈತಲ್ಲ ಕಲ್ಲಿನ ಮಂಗ್ಯಾ, ಅಲ್ಲೀತನಕ ಬಿದಿರ ಕಟ್ಟಿದ್ರು. ಈ ಮುಂದಿನ ಬಾಗಲಾ ಇವತ್ತ ನೋಡಾಕತ್ತೀನಿ. ನಮ್ಮನ್ನ ಹಿಂದಿಂದ ಬಿಡತಿದ್ರು."

ಮೊಮ್ಮಗಳಿಗೆ ಇದು ಗೊತ್ತಿರಲಿಲ್ಲ. "ಸಚ್ಚೀ?" ಎಂದು ಎರಡು ಸಲ ಕೇಳಿದಳು. ಅಷ್ಟು ವರ್ಷಗಳಿಂದ ಆ ಕಲ್ಲಿನ ಪ್ರಾಣಿಯನ್ನು ನಾನು ಸಿಂಹವೆಂದು ಪರಿಚಯಿಸುತ್ತಿದ್ದೆ. ಅದನ್ನು ಹತ್ತಿರದಿಂದ ನೋಡಿದ್ದ ಅಜ್ಜಿ ಈಗ ಮಂಗ ಎಂದರು. ಉಳಿದವರಿಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ವಿದೇಶಿಯರು ಅಜ್ಜಿಯ ಫೋಟೋ ತೆಗೆದರು. ಇಂಥ ಕ್ಷಣದಲ್ಲಿ ಏನಾದರೂ ಅನ್ನಿಸಬೇಕು ಎಂದು ನನಗೆ ಗೊತ್ತಿತ್ತು. ಗಡಿಯಾರ ನೋಡಿದೆ. ಹತ್ತು ನಿಮಿಷ ತಡವಾಗಿತ್ತು.

ಮುಂದಿನ ನಿಲುಗಡೆ ಒಂದು ಗಲ್ಲಿಯ ಒಳಗಿನ ಉಡುಪಿ ಹೋಟೆಲು. ಅಲ್ಲಿಯ ಹಿರಿಯ ಸಪ್ಲೈಯರ್ ಕಾರ್ಕಳದ ಕಡೆಯವರು, ನನ್ನನ್ನು ಆಫೀಸಿನ ದಿನಗಳಿಂದ ಬಲ್ಲವರು. ಉದ್ದ ಮೇಜಿಗೆ ಇಡ್ಲಿ, ಚಟ್ನಿ, ಫಿಲ್ಟರ್ ಕಾಫಿ ತಂದಿಟ್ಟರು. ರೂಢಿಯಂತೆ ನಾನು ಮೊದಲು ಇಡ್ಲಿ ಮುರಿದು ಚಟ್ನಿಯಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡೆ. ಈ ಚಟ್ನಿಯನ್ನು ನೋಡಿ, ಬೆಳಿಗ್ಗೆ ತುರಿದ ಕಾಯಿ, ಇದಕ್ಕೆಂದೇ ಚರ್ಚ್‌ಗೇಟಿನಿಂದ ಜನ ನಡೆದು ಬರುತ್ತಾರೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. ಇನ್ನೊಂದು ತುತ್ತನ್ನೂ ತಿಂದೆ.

ಅಜ್ಜಿ ಕೈ ಅಡ್ಡ ಹಿಡಿದರು. "ತಂಗಿ, ತಿನಬ್ಯಾಡ. ಚಟ್ನಿ ಹಳಸೈತಿ."

"ಅಜ್ಜೀ, ಚುಪ್ ಬೈಠೋನಾ" ಎಂದಳು ಮೊಮ್ಮಗಳು.

"ಯಾಕ ಚುಪ್? ಮೂಗಿಗೆ ಹೊಡ್ಯಾಕತ್ತೈತಿ. ಲೋಳಿ ಬಂದೈತಿ ನೋಡು." ಅಜ್ಜಿ ಚಮಚ ಎತ್ತಿ ತೋರಿಸಿದರು. ಪುಣೆಯ ಹೆಂಗಸು ಮೂಸಿ ನೋಡಿ ತಟ್ಟೆ ದೂರ ಸರಿಸಿದಳು.

ಸಪ್ಲೈಯರ್ ಓಡಿ ಬಂದು ಬಟ್ಟಲು ಮೂಸಿದರು. ಮುಖ ಸಣ್ಣದಾಯಿತು. "ಅಯ್ಯೋ ದೇವರೇ, ನಿನ್ನೆಯದ್ದು ಬಂದಿದೆ. ಕಿಚನಿನಲ್ಲಿ ಎಂತದೋ ಅದಲು ಬದಲು ಆಗಿದೆ." ಬಟ್ಟಲುಗಳನ್ನು ಬಾಚಿಕೊಳ್ಳುತ್ತ ನನ್ನ ಕಡೆ ತಿರುಗಿ, "ಅಲ್ಲ ಮೇಡಂ, ನೀವು ಈಗ ಎರಡು ಸರ್ತಿ ತಿಂದ್ರಲ್ಲ! ಒಂದು ಮಾತು ಹೇಳ್ಬಾರದಾ?" ಎಂದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನಾದರೂ ನೆಪ ಹೇಳಬಹುದಿತ್ತು. ಶೀತವಾಗಿದೆ ಎಂದರೂ ನಡೆಯುತ್ತಿತ್ತು. ಆದರೆ ಅಜ್ಜಿ ಕೇಳಿದರು, "ನಿನಗ ಗೊತ್ತಾಗಲಿಲ್ಲೇನು?"

"ಇಲ್ಲ" ಎಂದೆ. "ನನಗೆ ಏನೂ ಗೊತ್ತಾಗುವುದಿಲ್ಲ. ರುಚಿ ಇಲ್ಲ, ವಾಸನೆ ಇಲ್ಲ."

"ಎಷ್ಟ ದಿನಾ ಆತು?"

"ಮೂರು ವರ್ಷ."

"ಯಾರಿಗೂ ಹೇಳಿಲ್ಲ?"

ಇಲ್ಲವೆಂದು ತಲೆಯಾಡಿಸಿದೆ. ಅಜ್ಜಿ ಅಯ್ಯೋ ಪಾಪ ಎನ್ನಲಿಲ್ಲ. ನನ್ನ ಮುಖ ನೋಡಿ, "ಅಳುವಾದ್ರೂ ಬರತೈತೇನು?" ಎಂದರು. ಇಲ್ಲವೆಂದೆ. "ಆತು ಬಿಡು. ಇನ್ನ ಮುಂದ ಎಲ್ಲಾ ನಾ ಮೊದಲ ತಿಂದು ಹೇಳತೀನಿ. ನೀ ಅದನ್ನ ಇವರಿಗೆ ಇಂಗ್ಲಿಷ್‌ನಾಗ ಹೇಳು."

ನಾನು ಎಲ್ಲರಿಗೂ ನಿಜ ಹೇಳಿದೆ. ವಿದೇಶಿಯರಲ್ಲಿ ಒಬ್ಬಾತ ತನ್ನ ಅಕ್ಕನಿಗೂ ಹೀಗೇ ಆಗಿದೆ ಎಂದ. ಸಪ್ಲೈಯರ್ ಹೊಸ ಚಟ್ನಿ ತಂದು ಮೊದಲು ಅಜ್ಜಿಯ ಮುಂದೆ ಇಟ್ಟು, ಪರೀಕ್ಷೆಗೆ ಕೂತವರಂತೆ ಕೈಕಟ್ಟಿ ನಿಂತರು. ಅಜ್ಜಿ ನೆಕ್ಕಿ, "ಛಲೋ ಐತಿ. ಹುಣಸಿ ಹಾಕಿಲ್ಲ, ಹಸಿ ಶುಂಠಿ ಹಾಕ್ಯಾರ" ಎಂದರು. ನಾನು ಅನುವಾದ ಮಾಡಿದೆ. ಆ ಚಟ್ನಿಯಲ್ಲಿ ಶುಂಠಿ ಇದೆಯೆಂದು ನಾನು ಒಂದು ದಿನವೂ ಹೇಳಿರಲಿಲ್ಲ.

ಅಲ್ಲಿಂದ ಬೇಕರಿಗೆ ಹೋದೆವು. ಅಜ್ಜಿ ಮಾವಾ ಕೇಕಿನ ಮೇಲಿನ ಕಾಗದ ಬಿಡಿಸಿ ಕಚ್ಚಿದರು. "ಪೇಡೆ ಮತ್ತ ಬ್ರೆಡ್ಡು ಕೂಡಿಸಿ ನಾದಿದಂಗ ಐತಿ. ಯಾಲಕ್ಕಿ ಕಮ್ಮಿ ಆತು." ಕೆಂಪು ಸೋಡಾ ಕುಡಿದು ಮುಖ ಕಿವಿಚಿ, "ಕೆಮ್ಮಿನ ಔಷಧ" ಎಂದರು, ಆದರೆ ಬಾಟಲಿ ಖಾಲಿಯಾಗುವವರೆಗೆ ಕೆಳಗಿಡಲಿಲ್ಲ. ಬೋರಾ ಬಜಾರಿನಲ್ಲಿ ಮೊಳಕೆಕಾಳಿನ ಮಿಸಳ್ ತಿಂದಾಗ ಮಾತ್ರ ತುಸು ಹೊತ್ತು ಯೋಚಿಸಿದರು. "ಖಾರ ಬಾಯಾಗ ಇಲ್ಲ ತಂಗಿ. ನುಂಗಿದ ಮ್ಯಾಲ ಗಂಟಲದಾಗ ಬರತೈತಿ. ನೀನೂ ತಿನ್ನು, ಉರಿಯರ ಗೊತ್ತಾಗ್ತೈತಲ್ಲ?" ತಿಂದೆ. ಉರಿ ಗೊತ್ತಾಯಿತು. ಅವರು ಹೇಳಿದ ಜಾಗದಲ್ಲೇ ಗೊತ್ತಾಯಿತು.

ನಡಿಗೆ ಮುಗಿದ ಮೇಲೆ ನಾವು ಮೂವರೂ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಒಂದೇ ಸ್ಲೋ ಲೋಕಲ್ ಹತ್ತಿದೆವು. ಮೊಮ್ಮಗಳು ಫೋಟೋಗಳನ್ನು ಮನೆಯವರಿಗೆ ಕಳಿಸುತ್ತ ಕೂತಳು. ಅಜ್ಜಿ ಕುರ್ಲಾದವರೆಗೆ ತೂಕಡಿಸಿದರು. ಎಚ್ಚೆತ್ತು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ನಾನು ಮತ್ತು ಅಮ್ಮ ಎಂದೆ.

"ಅಡಿಗಿ ಯಾರು ಮಾಡ್ತಾರ?"

"ಅಮ್ಮ."

"ಹಂಗಾರ ಆಕಿಗೆ ಹೇಳಬೇಕಲ್ಲವಾ" ಎಂದರು. ಅಷ್ಟರಲ್ಲಿ ಘಾಟ್ಕೋಪರ್ ಬಂತು. ಇಳಿಯುವ ಗದ್ದಲದಲ್ಲಿ ಅವರು ನನ್ನ ತೋಳು ಹಿಸುಕಿದರೋ, ಆಧಾರಕ್ಕಾಗಿ ಹಿಡಿದರೋ, ಈಗಲೂ ಗೊತ್ತಿಲ್ಲ.

ಅಂದೇ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಅಮ್ಮನ ಕೈಯಲ್ಲಿ ಸೌಟು ಇತ್ತು.

"ಮೂರು ವರ್ಷ ಎಂತ ಹಾಕಿದ್ರೂ ಲಾಯ್ಕಾಗಿದೆ, ಲಾಯ್ಕಾಗಿದೆ ಅಂತ ಹೇಳಿದೆಯಲ್ಲ ಮಾರಾಯ್ತಿ?"

"ಹೂಂ."

"ಸುಳ್ಳಾ ಅದೆಲ್ಲ?"

ಅಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ತೆಗೆಯತೊಡಗಿದರು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮಾತಾಡಿದಾಗ ಬೈದರು. ಬಂಗುಡೆ ಮೀನು ತಂದ ದಿನ ಮಸಾಲೆಗೆ ತಾನು ಎಷ್ಟು ಕಷ್ಟಪಟ್ಟಿದ್ದೆ ಎಂದು ಒಂದೊಂದಾಗಿ ನೆನಪಿಸಿ ಬೈದರು. ನನಗೆ ನಾಚಿಕೆಯಾಗಬೇಕಿತ್ತು. ಸುಸ್ತಾಯಿತು, ಅಷ್ಟೇ. ನಡುವೆ ಒಮ್ಮೆ ಅವರ ದನಿ ಒಡೆಯಿತು. ಆಗ ಎದ್ದು ಹೋಗಿ ನೀರು ತಂದುಕೊಟ್ಟೆ.

ಕೆಲಸ ಹೋಗಲಿಲ್ಲ. ನಡಿಗೆ ಶುರುಮಾಡಿದ್ದ ಹುಡುಗಿಗೂ ಫೋನ್ ಮಾಡಿ ಹೇಳಿದೆ. ಹಳಸಿದ್ದು ತಿಂದು ಯಾರಿಗಾದರೂ ಏನಾದರೂ ಆಗಿದ್ದರೆ ಎಂದಳು. ಅದು ಸರಿಯಾದ ಮಾತು. ಈಗ ನಡಿಗೆ ಶುರುವಾಗುವ ಮೊದಲೇ ಜನರಿಗೆ ತಿಳಿಸುತ್ತೇನೆ. ಪ್ರತಿ ಜಾಗದಲ್ಲೂ ಯಾರಾದರೂ ಒಬ್ಬರು ಮೊದಲು ತಿಂದು ಹೇಳಬೇಕು. ಕೆಲವರು ನಾಚುತ್ತಾರೆ, ಕೆಲವರು ನನಗೆ ನೋವಾದೀತೆಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ಅಜ್ಜಿಯ ಹಾಗೆ ಯಾಲಕ್ಕಿ ಕಮ್ಮಿ ಎಂದವರು ಇನ್ನೂ ಸಿಕ್ಕಿಲ್ಲ.

ಮುಲುಂಡ್‌ನ ಮೂಗಿನ ಡಾಕ್ಟರರ ಹತ್ತಿರ ಅಮ್ಮನೇ ಕರೆದುಕೊಂಡು ಹೋದರು. ಬರಬಹುದು, ಬರದೆಯೂ ಇರಬಹುದು, ದಿನಾ ನಾಲ್ಕು ವಾಸನೆ ಮೂಸಿ ಅಭ್ಯಾಸ ಮಾಡಿ ಎಂದರು ಡಾಕ್ಟರು. ಅಮ್ಮ ನಾಲ್ಕು ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆಯ ಹತ್ತಿ, ಗುಲಾಬಿ ಎಸಳು ಹಾಕಿಡುತ್ತಾರೆ. ಬೆಳಿಗ್ಗೆ ನಾನು ಹೊರಡುವ ಮೊದಲು ಒಂದೊಂದನ್ನೇ ಮೂಗಿನ ಕೆಳಗೆ ಹಿಡಿದು, "ಯಾವುದು?" ಎಂದು ಕೇಳುತ್ತಾರೆ. ಗೊತ್ತಾಗಲಿಲ್ಲ ಎನ್ನುತ್ತೇನೆ. ಮುಂದಿನ ಡಬ್ಬಿ ತೆಗೆಯುತ್ತಾರೆ.