ಸಿನಿಮಾದವರ ವ್ಯಾನಿನಲ್ಲಿ ಬಾಗಲಕೋಟೆಗೆ

ಅವರು ಕೇಳಿದ್ದು ಇಷ್ಟೇ. ಒಂದು ಹುಡುಗ, ಒಂದು ಹುಡುಗಿ ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಾರೆ. ನನ್ನ ಅತ್ತೆ ಅವರ ಮುಖ ನೋಡಿ, ಒಂದು ಮಾತೂ ಆಡದೆ, ಬಾಗಿಲು ಹಾಕಿಕೊಳ್ಳಬೇಕು.

ಮೊನ್ನೆ ಮೊಮ್ಮಕ್ಕಳು ನೀವು ಮೊಬೈಲಿನಲ್ಲಿ ಮನೆ ಬಿಟ್ಟು ಓಡಿದ ಜೋಡಿಯೊಂದರ ಸಿನಿಮಾ ನೋಡುತ್ತಿದ್ದಾಗ, ಅಂಥದೊಂದು ಸಿನಿಮಾ ನಮ್ಮ ಮನೆ ಬಾಗಿಲಿಗೇ ಬಂದಿತ್ತು ಎಂದೆ. ನೀವು ನಕ್ಕಿರಿ. ಎದುರಿಗೆ ಕೂತು ಹೇಳುವುದು ನನಗೆ ಮೊದಲಿಂದಲೂ ಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಿಮ್ಮ ಅಪ್ಪ ಇನ್ನೂ ನನ್ನ ಬಗಲಲ್ಲಿದ್ದ. ಮನೆ ಗುಡೂರಿನಲ್ಲಿ, ರಸ್ತೆಗೆ ಹತ್ತಿಕೊಂಡೇ, ಒಳಗೆ ಮಗ್ಗ. ಅವತ್ತು ನಿಮ್ಮ ಅಜ್ಜ ನೇಯ್ದ ಸೀರೆಗಳನ್ನು ಕೊಡಲು ಇಳಕಲ್ಲಿಗೆ ಹೋಗಿದ್ದರು. ಬಾದಾಮಿ, ಮಹಾಕೂಟದ ಕಡೆ ಚಿತ್ರ ತೆಗೆದು ಮುಗಿಸಿದ ಏಳೆಂಟು ಮಂದಿ ಹಳೆಯ ವ್ಯಾನೊಂದರಲ್ಲಿ ಬಂದು ಇಳಿದರು. ಅವರಲ್ಲಿ ಹೆಸರಿದ್ದ ನಟರಿಲ್ಲ, ಸಿನಿಮಾದಲ್ಲಿ ಹಾಡಿಲ್ಲ, ಬಡಿದಾಟವಿಲ್ಲ. ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು ಬೆಳೆದ ಅನಾಥ ಹುಡುಗ, ನಾಟಕ ಕಂಪನಿ ಬಿಟ್ಟು ಬಂದ ಹುಡುಗಿ. ಇಬ್ಬರೂ ಸಿಕ್ಕ ಲಾರಿ ಹತ್ತಿ ಊರಿಂದ ಊರಿಗೆ ಹೋಗುತ್ತಾರೆ, ಯಾರೂ ಇರಗೊಡುವುದಿಲ್ಲ. ಅದೇ ಕತೆ ಎಂದು ನಿರ್ದೇಶಕ ಹೇಳಿದ. ಅವನದು ಬೆಂಗಳೂರು ಕಡೆಯ ಕನ್ನಡ. ಅರ್ಧ ಮಾತ್ರ ತಿಳಿದು ಅತ್ತೆ ನನ್ನ ಮುಖ ನೋಡುತ್ತಿದ್ದರು.

ಬಾಗಿಲು ಹಾಕಬೇಕು ಎಂದದ್ದು ಮಾತ್ರ ಅವರಿಗೆ ಪೂರ್ತಿ ತಿಳಿಯಿತು.

"ಒಮ್ಮೆ ಹಾಕೀನಿ. ಸಾಕಾಗೇತಿ. ಬ್ಯಾರೆ ಮನಿ ನೋಡ್ರಿ," ಎಂದರು.

ನಿರ್ದೇಶಕನಿಗೆ ಅರ್ಥವಾಗಲಿಲ್ಲ. ನನಗಾಯಿತು. ಅತ್ತೆಗೆ ಒಬ್ಬಳೇ ಮಗಳು. ನಾನು ಆ ಮನೆಗೆ ಸೊಸೆಯಾಗಿ ನಡೆಯಲು ಬಂದ ವರ್ಷವೇ ಅವಳು ನೂಲು ತರುವ ಲಾರಿಯ ಡ್ರೈವರನ ಜೊತೆ ಹೋಗಿ ಮದುವೆಯಾಗಿದ್ದಳು. ಅವನು ಬೇರೆ ಜಾತಿ. ಮರುವರ್ಷ ಪಂಚಮಿಗೆ, ಎಲ್ಲರ ಹೆಣ್ಣುಮಕ್ಕಳೂ ತವರಿಗೆ ಬರುವ ಹಬ್ಬಕ್ಕೆ, ಅವಳೂ ಬಂದಳು. ಅತ್ತೆ ಮಗಳನ್ನು ನೋಡಿ ಬಾಗಿಲು ಹಾಕಿ ಅಗಳಿ ಇಟ್ಟರು. ಅವಳು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತಿದ್ದು ಎದ್ದು ಹೋದಳು. ಆಮೇಲೆ ಮನೆಯಲ್ಲಿ ಅವಳ ಮಾತೇ ಇಲ್ಲ. ನಿಮ್ಮ ಅಜ್ಜ ಮಾತ್ರ ಬಾಗಲಕೋಟೆಗೆ ಹೋದಾಗ ತಂಗಿಯನ್ನು ಕದ್ದು ನೋಡಿ ಬರುತ್ತಿದ್ದರು. ಅದು ಗೊತ್ತಿದ್ದೂ ಅತ್ತೆ ಗೊತ್ತಿಲ್ಲದವರಂತೆ ಇರುತ್ತಿದ್ದರು.

ಕೊನೆಗೆ ಬಾಗಿಲು ಹಾಕಲು ಒಪ್ಪಿದ್ದು ಪಕ್ಕದ ಮನೆಯಾಕೆ. ಹೊಸ ಸೀರೆ ಉಟ್ಟು ಬಂದಳು. ಹಳೆಯದನ್ನು ಉಟ್ಟು ಬರಲು ಕಳಿಸಿದರು. ಸಿಟ್ಟು ಮಾಡಬೇಕಾದಲ್ಲೆಲ್ಲ ನಕ್ಕು ಅವರ ರೀಲು ಕೆಡಿಸಿದಳು. ಆ ಸಿನಿಮಾ ನಮ್ಮ ಕಡೆಯ ಯಾವ ಟಾಕೀಸಿಗೂ ಬರಲಿಲ್ಲ. ಅವಳು ಸಾಯುವತನಕ ಕಾದಳು.

ಅವತ್ತು ಚಿತ್ರ ತೆಗೆದು ಮುಗಿಯುವ ಹೊತ್ತಿಗೆ ಹಸಿದಿದ್ದ ಆ ಹುಡುಗ ಹುಡುಗಿಯನ್ನು ಅತ್ತೆ ಒಳಗೆ ಕರೆದು ರೊಟ್ಟಿ ಬಡಿದು ಹಾಕಿದರು. ಹುಡುಗಿ ಬೆರಳು ಸುಟ್ಟುಕೊಳ್ಳುತ್ತ ತಿಂದಳು. ನಿರ್ದೇಶಕನೂ ಬಂದು ಕೂತ. ಅತ್ತೆ ಅವನನ್ನು ಕೇಳಿದರು:

"ಕಡೀಕ ಈ ಹುಡುಗ್ರು ಎಲ್ಲಿ ಮುಟ್ತಾರ್ರಿ?"

ಹಾಗೇ ರಸ್ತೆ ಹಿಡಿದು ಹೋಗಿಬಿಡುತ್ತಾರೆ, ಎಲ್ಲಿಗೆ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದ ಅವನು.

"ಈಕಿ ಅವ್ವಗೂ ಗೊತ್ತಾಗೂದಿಲ್ಲೇನು?"

ಅವ್ವ ಕತೆಯಲ್ಲಿ ಇಲ್ಲ ಎಂದ.

ಅತ್ತೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಆಮೇಲೆ ವ್ಯಾನು ಮುಂದೆ ಎಲ್ಲಿಗೆ ಎಂದು ಕೇಳಿದರು. ಬಾಗಲಕೋಟೆಗೆ ಎಂದು ತಿಳಿದದ್ದೇ ಎದ್ದು ಕೈ ತೊಳೆದುಕೊಂಡರು. "ಮಗೂನ್ನ ಎತ್ಕೋವಾ. ನಾವೂ ಹೋಗೂಣು."

ನಾನು ಹುಟ್ಟಿ ಅಂಥ ಗಾಡಿಯಲ್ಲಿ ಕೂತಿರಲಿಲ್ಲ. ಕಾಲ ಕೆಳಗೆ ದೀಪ, ತಂತಿ, ಪೆಟ್ಟಿಗೆಗಳು. ಕಮತಗಿಯ ಹೊಳೆ ದಾಟುವಾಗ ಆ ಹುಡುಗಿ ಅತ್ತೆಯ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಅತ್ತೆ ಭುಜ ಅಲುಗಿಸದೆ ಕೂತಿದ್ದರು. ಒಂದೇ ಸಲ ನನ್ನ ಕಡೆ ಬಾಗಿ, "ಆಕಿ ಒಳಗ ಕರೀದಿದ್ರ?" ಎಂದರು.

ನಾದಿನಿಯ ಮನೆ ಗಿರಣಿಯ ಹಿಂದೆ, ಬೇವಿನ ಗಿಡದ ಪಕ್ಕ ಎಂದು ನಿಮ್ಮ ಅಜ್ಜ ನನಗೆ ಹೇಳಿದ್ದು ನೆನಪಿತ್ತು. ನೀವು ಮಗಳ ಜೊತೆ ಮಾತಾಡಿ ಬರುವತನಕ ನಿಲ್ಲುತ್ತೇವೆ, ಆಮೇಲೆ ಬಸ್ ಸ್ಟ್ಯಾಂಡಿಗೆ ಬಿಡುತ್ತೇವೆ ಎಂದು ನಿರ್ದೇಶಕ ವ್ಯಾನು ನಿಲ್ಲಿಸಿದ.

ನಾದಿನಿ ಅಂಗಳದಲ್ಲಿ ಅರಿವೆ ಒಣಹಾಕುತ್ತಿದ್ದಳು. ನಮ್ಮನ್ನು ನೋಡಿದಳು. ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಒಳಗೆ ಹೋಗಿ ಸ್ಟೋವ್ ಹಚ್ಚಿ ಚಾಕ್ಕೆ ನೀರಿಟ್ಟಳು. ನಾವು ಹಿಂದೆಯೇ ಹೋಗಿ ಕೂತೆವು. ಅವಳು ನನ್ನ ಕಡೆ ಮಾತ್ರ ನೋಡಿ ಮಾತಾಡಿದಳು.

"ವೈನಿ, ನಿಮ್ಮ ಅತ್ತಿನ್ನ ಕೇಳ್ರಿ, ಸಕ್ರಿ ಹಾಕ್ಲೋ ಬೆಲ್ಲ ಹಾಕ್ಲೋ."

ಅತ್ತೆಯೂ ನನಗೇ ಹೇಳಿದರು: "ಯಾವುದಾದ್ರೂ ನಡೀತೈತಿ ಅಂತ ಹೇಳವಾ."

ಇಬ್ಬರ ಮೊಣಕಾಲೂ ಹೆಚ್ಚುಕಡಿಮೆ ತಾಗುವಷ್ಟು ಸಣ್ಣ ಮನೆ. ನಾನು ನಡುವೆ ಕೂತು ಕೆಳಗೆ ನೋಡುತ್ತಿದ್ದೆ. ಅಷ್ಟರಲ್ಲಿ ಸಣ್ಣ ಹೆಣ್ಣುಮಗುವೊಂದು ಹೊರಗಿನಿಂದ ಬಂದು ನಾದಿನಿಯ ಸೆರಗು ಹಿಡಿದು ನಿಂತಿತು. ಅತ್ತೆಯ ಕೈ ತಾನಾಗಿಯೇ ಮುಂದೆ ಹೋಯಿತು.

"ಪಂಚಮಿಗೆ ಬಂದಾಗ ಇದು ಹೊಟ್ಯಾಗಿತ್ತು ಅಂತ ಹೇಳ್ರಿ, ವೈನಿ."

ಈ ಸಲ ಅತ್ತೆ ನನ್ನ ಕಡೆ ತಿರುಗಲಿಲ್ಲ. "ನನಗ ಗೊತ್ತಿದ್ದಿಲ್ಲವಾ," ಎಂದರು ಮಗಳಿಗೇ.

"ಗೊತ್ತಿದ್ರ ಬಾಗಲಾ ತಗೀತಿದ್ದೇನು?"

ಹೌದು ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅತ್ತೆ ಮಗುವನ್ನು ನೋಡಿದರು.

"ಇಲ್ಲ. ಆಗ ತಗೀತಿದ್ದಿಲ್ಲ."

ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕುದಿಯುವ ನೀರಿಗೆ ಇನ್ನೊಂದು ಲೋಟ ನೀರು ಸುರಿದಳು. ಹೊರಗೆ ವ್ಯಾನಿನ ಹಾರ್ನ್ ಆಯಿತು.

"ಹೋಗಿ ಹೇಳ್ರಿ ವೈನಿ, ಅವ್ವ ಇವತ್ತ ಬರೂದಿಲ್ಲಂತ."

ಪರಗಂಡಸರ ಎದುರು ನಾನು ಅಲ್ಲಿಯವರೆಗೆ ಬಾಯಿ ತೆರೆದವಳಲ್ಲ. ಅವತ್ತು ರಸ್ತೆಗೆ ಹೋಗಿ, ಎಲ್ಲರಿಗೂ ಕೇಳುವಂತೆ, "ನಾವು ಬರೂದಿಲ್ರಿ, ನೀವು ಹೊಂಡ್ರಿ," ಎಂದೆ.

ಆ ಹುಡುಗಿ ಕಿಟಕಿಯಿಂದ ಇಣುಕಿ, ಅಮ್ಮ ಮಗಳು ಮಾತಾಡಿದರಾ ಎಂದು ಕೇಳಿದಳು.

"ಚಾ ಕುಡ್ಯಾಕತ್ತಾರ," ಎಂದೆ. ಚಾ ಇನ್ನೂ ಆಗಿರಲಿಲ್ಲ.