ಹೊರಡುವ ಮುಂಚಿನ ಜಗಳ

ಬಂಟ್ವಾಳದ ದೋಣಿಕಡವಿನ ಬಳಿಯ ಐತಪ್ಪ, ಮಳೆಗಾಲದ ಕೆಂಪುನೀರು ತಿಳಿಯಾಯಿತೆಂದರೆ ಸಣ್ಣ ದೋಣಿಯಲ್ಲಿ ಒಬ್ಬನೇ ನೇತ್ರಾವತಿಯ ಮೇಲ್ಗಡೆಯ ಕಾಡಿಗೆ ಬೆತ್ತ ತರಲು ಹೊರಡುವವನು. ಹಗಲು ಬೆತ್ತ ಕಡಿದು, ರಾತ್ರಿ ಮರಳುದಿಣ್ಣೆಯಲ್ಲಿ ಬೆಂಕಿ ಹಾಕಿ ಮಲಗುವ ಈ ಪ್ರಯಾಣಕ್ಕೆ ದೋಣಿ ಸಜ್ಜಾಗಲು ಅರ್ಧ ದಿನ ಸಾಕು; ಮನಸ್ಸು ಸಜ್ಜಾಗಲು ಒಂದು ವಾರ ಬೇಕು. ಮೊದಲು ಮಾತು ನಿಲ್ಲುತ್ತದೆ. ಅಂಗಡಿಯವನು ಬೆಲ್ಲ ಬೇಕೇ ಎಂದರೆ ತಲೆಯಾಡಿಸುತ್ತಾನೆ, ಬೇಕೋ ಬೇಡವೋ ಅಂಗಡಿಯವನೇ ಊಹಿಸಬೇಕು. ಆಮೇಲೆ ಜಗಲಿ ಬಿಟ್ಟು ಹಿತ್ತಿಲ ಹಲಸಿನ ಬುಡದಲ್ಲಿ ಚಿಮಣಿದೀಪವೂ ಇಲ್ಲದೆ ಮಲಗುತ್ತಾನೆ. ಗೂಬೆ ಕೂಗಿದರೆ, "ಕೂಗು, ಕೂಗು, ಕಾಡಲ್ಲಿ ನಿನ್ನ ನೆಂಟರೆಲ್ಲ ಇದ್ದಾರೆ, ನನಗೆ ಅಭ್ಯಾಸ ಆಗ್ಲಿ" ಎನ್ನುತ್ತಾನೆ. ಹೊರಡುವ ಬೆಳಗ್ಗೆ ಹೆಂಡತಿ ಸೇಸಮ್ಮನ ಜೊತೆ ಜಗಳ. ಚಟ್ನಿ ಖಾರವಾದದ್ದು, ಚಾಪೆ ಗಿಡ್ಡವಾದದ್ದು, ಅವಳ ತಮ್ಮನ ಮದುವೆಯಲ್ಲಿ ತನಗೆ ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದು, ಏನಾದರೊಂದು ಸಿಕ್ಕೇ ಸಿಗುತ್ತದೆ. "ಮನೆ ನೆನಪಾದ್ರೆ ಹುಟ್ಟು ಹಾಕುವ ಕೈ ಸೋಲ್ತದೆ ಮಾರಾಯ, ಸಿಟ್ಟಿದ್ರೆ ಗಟ್ಟಿ ಇರ್ತದೆ" ಎಂದು ಗೆಳೆಯರಿಗೆ ಹೇಳುವುದುಂಟು. ಈ ಗುಟ್ಟು ಹೆಂಡತಿಗೆ ಗೊತ್ತಿಲ್ಲವೆಂದೇ ನಂಬಿದ್ದಾನೆ. ಕಳೆದ ವರ್ಷ ಸುಳಿಗೆ ಸಿಕ್ಕಿ ದೋಣಿ ಮಗುಚಿ, ಹೇಗೋ ದಡ ಸೇರಿದವನಿಗೆ ಈ ಸಲ ಹೊರಡುವ ಬೆಳಗ್ಗೆ ಜಗಳಕ್ಕೆ ಬಾಯಿಯೇ ಬರಲಿಲ್ಲ. ಅಡುಗೆಮನೆಯಿಂದ ಬರುವ ಬಳೆಯ ಸದ್ದು ಕೇಳುತ್ತ ಜಗಲಿಯಲ್ಲಿ ಕೂತ. ಸೇಸಮ್ಮ ಗಂಜಿ ತಂದಿಟ್ಟು ಅಲ್ಲೇ ನಿಂತಳು. ಒಂದು ಗುಟುಕು ಕುಡಿದರೆ ಗಂಜಿಗೆ ಉಪ್ಪೇ ಇಲ್ಲ. ಐತಪ್ಪ ತಲೆಯೆತ್ತಿ ಅವಳನ್ನು ನೋಡಿದ. "ಎಂತ ನೋಡ್ತೀರಿ? ಬೈಯಿರಿ" ಎಂದಳು ಅವಳು, "ಹೊತ್ತಾಗ್ತಾ ಉಂಟು."