ಒಕ್ಕಲಾದ ಮನೆಯನ್ನು ಖಾಲಿ ಮಾಡಿದ್ದು

ಸ್ವಂತ ಮನೆ ಕಟ್ಟಿದ ಮಾತ್ರಕ್ಕೆ ಅದರಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ ಎಂಬ ಮಹಾಸತ್ಯ ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಮೊದಲು ನಕ್ಷೆ ಮಂಜೂರಾಗಬೇಕು. ಪಾಯ ನೆಲದಿಂದ ಮೇಲೆದ್ದೊಡನೆ ಒಬ್ಬ ಅಧಿಕಾರಿ ಬಂದು ಟೇಪು ಹಿಡಿದು ನೋಡಬೇಕು. ಬಣ್ಣ ಬಳಿದು ಮುಗಿದ ಮೇಲೆ ಮತ್ತೊಮ್ಮೆ ಬಂದು, ಕಾಗದದ ಮೇಲಿನ ಮನೆಯೂ ಕಣ್ಣೆದುರಿನ ಮನೆಯೂ ಒಂದೇ ಎಂದು ಒಪ್ಪಬೇಕು. ಆಗ ವಾಸಕ್ಕೆ ಅನುಮತಿಯ ಒಂದು ಪತ್ರ ಬರುತ್ತದೆ. ಎಲ್ಲರೂ ಅದನ್ನು ಓಸಿ ಎನ್ನುತ್ತಾರೆ. ಮರಾಠಿಯಲ್ಲಿ ಭೋಗವಟಾ ಪತ್ರ. ಅದು ಕೈಗೆ ಬರುವವರೆಗೆ ನಳಕ್ಕೆ ನೀರಿಲ್ಲ, ಮನೆಯಲ್ಲಿ ಯಾರೂ ಇರಕೂಡದು. ಭೋಗಕ್ಕೆ ಇಂಥ ಕಟ್ಟುನಿಟ್ಟನ್ನು ನಮ್ಮ ಋಷಿಗಳೂ ವಿಧಿಸಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು, ಹೆಂಡತಿ, ಅಮ್ಮ ಡೊಂಬಿವಲಿಯಲ್ಲಿ ಬಾಡಿಗೆಗಿದ್ದೆವು. ಠಾಣೆಯಿಂದ ವಾಶಿಗೆ ಹೊಸದಾಗಿ ಲೋಕಲ್ ರೈಲು ಓಡತೊಡಗಿದ್ದರ ಧೈರ್ಯದಲ್ಲಿ ಆ ದಾರಿಯ ಕೋಪರ್‌ಖೈರಣೆಯಲ್ಲಿ ಅಂಗೈಯಗಲದ ಒಂದು ಪ್ಲಾಟು ಕೊಂಡು, ಅದರ ಮೇಲೆ ಒಂದು ಮಹಡಿಯ ಮನೆ ಎಬ್ಬಿಸಿದ್ದೆ.

ಅಮ್ಮ ಉಡುಪಿಯ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು. ಅಪ್ಪ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಆಯುಷ್ಯ ಮುಗಿಸಿದರು. ಇಲ್ಲಿಯ ಬಾಡಿಗೆ ಕರಾರೆಂದರೆ ಹನ್ನೊಂದು ತಿಂಗಳದ್ದು. ಅದು ಮುಗಿಯುತ್ತ ಬಂದಂತೆ ಮನೆ ಯಜಮಾನರ ಮುಖಚಹರೆ ಬದಲಾಗುತ್ತದೆ. ಅಮ್ಮನ ದೇವರುಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂತು ಎಷ್ಟು ಮನೆ ಸುತ್ತಿದ್ದರೋ, ಆ ದೇವರುಗಳಿಗೇ ಗೊತ್ತು. ಹಾಗಾಗಿ ಈ ಮನೆಯ ಗೃಹಪ್ರವೇಶ, ಅವಳ ಮಾತಿನಲ್ಲಿ ಒಕ್ಕಲು, ನನ್ನ ಅನುಕೂಲಕ್ಕಾಗಲಿ ಸರಕಾರದ ಅನುಕೂಲಕ್ಕಾಗಲಿ ಕಾಯತಕ್ಕದ್ದಾಗಿರಲಿಲ್ಲ.

"ಆಷಾಢ ಬರ್ಲಿಕ್ಕೆ ಮೊದ್ಲು ಒಕ್ಕಲು ಆಗ್ಬೇಕು. ಇಲ್ಲದಿದ್ರೆ ಮತ್ತೆ ಶ್ರಾವಣಕ್ಕೇ," ಅಂದಳು.

"ಓಸಿ ಬರಬೇಕಲ್ಲಮ್ಮ?"

"ಅವನು ಯಾರು ಓಸಿ? ಅವನಿಗೆ ಪಂಚಾಂಗ ನೋಡ್ಲಿಕ್ಕೆ ಬರ್ತದಾ?"

ನಕ್ಷೆ ಬರೆದ ಆರ್ಕಿಟೆಕ್ಟನನ್ನು ಕೇಳಿದೆ. ಕಲ್ಯಾಣದ ಮರಾಠಿ ತರುಣ, ಯಾವ ಪ್ರಶ್ನೆಗೂ ಮೊದಲು ನಗುವವನು. "ಪೂಜಾ ಕರಾ, ಪಣ್ ರಾಹೂ ನಕಾ," ಎಂದ. ಪೂಜೆ ಮಾಡಿ, ಆದರೆ ಇರಬೇಡಿ. ಪಕ್ಕದಲ್ಲೇ ನಿಂತಿದ್ದ ಅಮ್ಮ ಅದರಲ್ಲಿ ಮೊದಲರ್ಧವನ್ನು ಮಾತ್ರ ಸ್ವೀಕರಿಸಿದಳು.

ಒಕ್ಕಲು ವಿಧಿವತ್ತಾಗಿ ಆಯಿತು. ಹೋಮದ ಹೊಗೆ ಹೊಸ ಸೂರಿಗೆ ಮೆತ್ತಿತು, ಹಾಲು ಉಕ್ಕಿತು. ಪುರೋಹಿತರು ಹೊರಟ ಮೇಲೆ ಅಮ್ಮ ಅಡುಗೆ ಕಟ್ಟೆಯ ಮೂಲೆಯಲ್ಲಿ ದೇವರ ಡಬ್ಬಿ ತೆರೆದಿಟ್ಟು, ಎದುರಿಗೆ ದೊಡ್ಡ ಹಿತ್ತಾಳೆಯ ದೀಪವೊಂದನ್ನು ಹಚ್ಚಿ, ಒಕ್ಕಲಾದ ಮನೆಯಲ್ಲಿ ದೀಪ ಆರಕೂಡದು ಎಂದು ಘೋಷಿಸಿದಳು. ಬಾಡಿಗೆ ಮನೆಯಲ್ಲಿ ಅಡುಗೆ ಮುಗಿಸಿ ದಿನಾ ಅವಳೊಬ್ಬಳೇ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಎಣ್ಣೆಯ ಬಾಟಲಿ ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಮರುದಿನದವರೆಗೆ ಸಾಲುವಷ್ಟು ಎಣ್ಣೆ ತುಂಬಿ ಹೋಗುವಳು.

ನನ್ನ ನೆಮ್ಮದಿ ಕೆಟ್ಟದ್ದು ಅಲ್ಲಿಂದ. ಫೋರ್ಟಿನ ವಿಮಾ ಕಚೇರಿಯಲ್ಲಿ ನನ್ನ ಕೆಲಸವೇ ಬೆಂಕಿ ಅನಾಹುತದ ಅರ್ಜಿಗಳನ್ನು ಪರಿಶೀಲಿಸುವುದು. ಬೀಗ ಹಾಕಿದ ಮನೆಯಲ್ಲಿ ಒಂದು ದೀಪ ಹಗಲಿರುಳು ಉರಿಯುತ್ತಿದೆ ಎಂದು ಯಾರಾದರೂ ಬರೆದುಕೊಟ್ಟರೆ ನಾನು ಏನು ಷರಾ ಬರೆಯುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಜೊತೆಗೆ ತಪಾಸಣೆಯವರು ಯಾವ ದಿನವಾದರೂ ಬರಬಹುದಿತ್ತು. ಡೊಂಬಿವಲಿಯ ಯಜಮಾನರು ಬೇರೆ, ಕರಾರು ಮುಗಿಯುವುದನ್ನು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಬಹಳ ವಿನಯದಿಂದ ನೆನಪಿಸುತ್ತಿದ್ದರು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಫೋನು ಬಡಿದರೆ ಎದೆ ಬಡಿಯುತ್ತಿತ್ತು, ಬಡಿಯದಿದ್ದರೆ ಇನ್ನೂ ಹೆಚ್ಚು.

ಅಮ್ಮ ಮಾತ್ರ ನಿಧಾನವಾಗಿ ಆ ಮನೆಗೆ ಒಂದೊಂದೇ ವಸ್ತುವನ್ನು ಸಾಗಿಸುತ್ತಿದ್ದಳು. ಮೊದಲು ಚಾಪೆ, ಆಮೇಲೆ ಕಾಫಿಗೆಂದು ಸೀಮೆಎಣ್ಣೆ ಒಲೆ, ಪಕ್ಕದ ಮನೆಯಿಂದ ನೀರು ತರಲು ಕೊಡಪಾನ. ಇರುವುದು ಬೇರೆ, ಬಂದು ಹೋಗುವುದು ಬೇರೆ ಎಂಬುದು ಅವಳ ವಾದ.

ತಪಾಸಣೆಯ ದಿನ ನಾನು ರಜೆ ಹಾಕಿದ್ದೆ. ಅಧಿಕಾರಿ ಮಧ್ಯವಯಸ್ಸಿನ ಮನುಷ್ಯ, ಇಸ್ತ್ರಿಯ ಅಂಗಿ, ಕೈಯಲ್ಲಿ ಉಕ್ಕಿನ ಟೇಪು, ಮಾತು ಕಡಿಮೆ. ತಾರಸಿಯಿಂದ ಶುರು ಮಾಡುವುದು ಅವರ ಕ್ರಮವಂತೆ. ಹೊರಗಿನ ಮೆಟ್ಟಿಲೇರಿದರು. ಹಿಂದೆ ಆರ್ಕಿಟೆಕ್ಟ್, ಅವನ ಹಿಂದೆ ನಾನು. ಮೇಲೆ ಹೋದವರು ನಿಂತೇಬಿಟ್ಟರು.

ತಾರಸಿಯ ತುಂಬ ಹಲಸಿನ ಹಪ್ಪಳ. ಹಳೆಯ ಸೀರೆಗಳ ಮೇಲೆ, ಸಾಲುಸಾಲಾಗಿ, ನೀರಿನ ಟಾಂಕಿಯವರೆಗೆ. ಮೇ ತಿಂಗಳ ಬಿಸಿಲು. ಅಮ್ಮನಿಗೆ ಜೀವಮಾನದಲ್ಲಿ ಮೊದಲ ಬಾರಿ ಸ್ವಂತ ತಾರಸಿ ಸಿಕ್ಕಿತ್ತು. ಕಾಗೆ ಓಡಿಸಲು ಕೊಡೆ ಬಿಚ್ಚಿಕೊಂಡು ಅವಳೂ ಅಲ್ಲೇ ಕೂತಿದ್ದಳು.

"ಇಥೇ ಕೋಣ್ ರಾಹತಾತ್?" ಅಧಿಕಾರಿ ಕೇಳಿದರು. ಇಲ್ಲಿ ಯಾರು ಇರುತ್ತಾರೆ?

"ಕೋಣೀ ನಾಹೀ," ಎಂದಳು ಅಮ್ಮ, ತನ್ನ ಉಡುಪಿ ಮರಾಠಿಯಲ್ಲಿ. ಯಾರೂ ಇಲ್ಲ. ಆಮೇಲೆ ಸತ್ಯಕ್ಕೆ ಲೋಪವಾಗಬಾರದೆಂದು, "ದೇವ್ ಆಹೇತ್," ಎಂದು ಸೇರಿಸಿದಳು. ದೇವರಿದ್ದಾರೆ.

ಅವರು ಕೆಳಗಿಳಿದು ಅಡುಗೆಮನೆಗೆ ಹೋಗಿ ಆ ದೇವರನ್ನೂ ದೀಪವನ್ನೂ ಒಲೆಯನ್ನೂ ಚಾಪೆಯನ್ನೂ ಅಷ್ಟೇ ಗಂಭೀರವಾಗಿ ನೋಡಿದರು. ಟೇಪನ್ನು ಬಿಚ್ಚಲೇ ಇಲ್ಲ. ಮನೆ ಬಳಕೆಯಲ್ಲಿದೆ, ಖಾಲಿಯಿದ್ದರಷ್ಟೇ ಖಾಲಿ ಎಂದು ಬರೆಯಬಲ್ಲೆ, ಎಲ್ಲ ತೆಗೆಯಿರಿ, ಮುಂದಿನ ವಾರ ಮಧ್ಯಾಹ್ನ ಬರುತ್ತೇನೆ ಎಂದರು. ನ್ಯಾಯವಾದ ಮಾತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ, ಬಹುಶಃ ಇನ್ನಷ್ಟು ಕಟುವಾಗಿ.

"ಎರಡು ತಾಸಿನ ಮಟ್ಟಿಗೆ ತೆಗೆದು ಮತ್ತೆ ಇಟ್ಟುಕೊಳ್ಳಿ ಮಾಜೀ," ಎಂದ ಆರ್ಕಿಟೆಕ್ಟ್, ನಗುತ್ತ.

ಅಮ್ಮ ಹಪ್ಪಳ ತೆಗೆಯಲು ಒಪ್ಪಿದಳು. ಒಲೆ, ಚಾಪೆ, ಕೊಡಪಾನಕ್ಕೂ ಒಪ್ಪಿದಳು. ದೀಪದ ಹತ್ತಿರ ನಿಂತುಬಿಟ್ಟಳು. "ಒಕ್ಕಲಾದ ಮನೆಯ ದೀಪ ನನ್ನ ಕೈಯಾರೆ ಆರಿಸ್ಲಿಕ್ಕೆ ಆಗುದಿಲ್ಲ. ದೇವರನ್ನು ಎಬ್ಬಿಸ್ಲಿಕ್ಕೂ ಆಗುದಿಲ್ಲ. ಇಷ್ಟು ವರ್ಷ ಎಬ್ಬಿಸಿದ್ದು ಸಾಕು."

ಆ ವಾರ ಡೊಂಬಿವಲಿಯ ಮನೆಯಲ್ಲಿ ಇದೇ ಮಾತು. ಹೆಂಡತಿ ಮೈಸೂರಿನವಳು, ಸಂಧಾನದಲ್ಲಿ ನಂಬಿಕೆಯುಳ್ಳವಳು. "ಅತ್ತೆ, ದೇವರನ್ನ ನಾಲ್ಕು ದಿನ ಇಲ್ಲಿಗೆ ಕರ್ಕೊಂಡ್ ಬಂದ್ರೆ ಏನಾಗತ್ತೆ? ಅವ್ರಿಗೂ ಡೊಂಬಿವಲಿ ಅಭ್ಯಾಸವೇ ಅಲ್ವಾ?" ಎಂದು ನೋಡಿದಳು.

"ನಿನ್ನನ್ನು ಒಕ್ಕಲು ಮಾಡಿಸಿ, ಮಾರನೇ ದಿನ ಗಂಟು ಕಟ್ಟು ಅಂದ್ರೆ ನೀನು ಹೋಗ್ತೀಯಾ?" ಎಂದಳು ಅಮ್ಮ.

ನಾನು ಪುರೋಹಿತರಿಗೆ ಫೋನು ಮಾಡಿದೆ. ಗೃಹಪ್ರವೇಶವನ್ನು ಹಿಂದಕ್ಕೆ ತೆಗೆದುಕೊಳ್ಳುವ ವಿಧಾನ ಶಾಸ್ತ್ರದಲ್ಲಿ ಇಲ್ಲವೆಂದೂ, ಕಟ್ಟಡ ವಿಭಾಗದವರ ತಪಾಸಣೆ ತಮ್ಮ ಪೂಜಾ ಪ್ರಯೋಗದ ಪುಸ್ತಕದಲ್ಲಿ ಬರುವುದಿಲ್ಲವೆಂದೂ ಹೇಳಿ, ಬೇರೆ ಕರೆ ಬರುತ್ತಿದೆಯೆಂದು ಇಟ್ಟರು. ಅಮ್ಮನಿಗೆ ಗೊತ್ತಿಲ್ಲದೆ ಹೋಗಿ ದೀಪ ಊದಿಬಿಡೋಣವೆಂದು ಒಂದು ಬೆಳಿಗ್ಗೆ ಠಾಣೆಯವರೆಗೆ ಹೋದೆ. ವಾಶಿಯ ಗಾಡಿ ಬಂತು, ನಿಂತಿತು, ಹೋಯಿತು. ನಾನು ಫೋರ್ಟಿನ ಕಡೆಯ ಗಾಡಿ ಹತ್ತಿ ಆಫೀಸಿಗೆ ಹೋದೆ.

ದಾರಿ ತೋರಿಸಿದವಳು ಕೊನೆಗೆ ಅಮ್ಮನೇ. ತಪಾಸಣೆಯ ಮುನ್ನಾದಿನ ಅಕ್ಕಿ ಆರಿಸುತ್ತ ಕೂತವಳು ಇದ್ದಕ್ಕಿದ್ದಂತೆ ತಲೆಯೆತ್ತಿದಳು.

"ಈ ಬಿಲ್ಡಿಂಗಿನವರೆಲ್ಲ ಗಣಪತಿ ತರ್ತಾರಲ್ಲ, ಒಂದೂವರೆ ದಿನಕ್ಕೆ. ಕಳಿಸುವಾಗ ಎಂತ ಮಾಡ್ತಾರೆ?"

"ಮೊಸರವಲಕ್ಕಿ ಬುತ್ತಿ ಕಟ್ತಾರೆ. ಅಕ್ಷತೆ ಹಾಕಿ ಚೂರು ಅಲುಗಿಸ್ತಾರೆ. ಪುನರಾಗಮನಾಯ ಚ ಅಂತಾರೆ," ಎಂದೆ.

"ಅದು ಹೊರಗೆ ಹಾಕಿದ ಹಾಗೆ ಆಗ್ತದಾ?"

"ಇಲ್ಲ. ಮತ್ತೆ ಬಾ ಅಂತ ಹೇಳಿ ಕಳಿಸಿದ ಹಾಗೆ."

"ಹಾಗಾದ್ರೆ ನಾವೂ ಹೇಳುವ. ಆದರೆ ದೀಪ ಅದಾಗಿಯೇ ಶಾಂತ ಆಗ್ಬೇಕು. ಊದುದಿಲ್ಲ."

ಆ ಸಂಜೆಯೇ ಮನೆಗೆ ಹೋದೆವು. ಅಮ್ಮ ದೇವರಿಗೂ ಗೋಡೆಗೂ ಹೊಸ್ತಿಲಿಗೂ ಅಕ್ಷತೆ ಹಾಕಿ, ಮೂರಕ್ಕೂ ಸೇರಿಸಿ ಮೊಸರವಲಕ್ಕಿ ನೈವೇದ್ಯ ಮಾಡಿ, ಮತ್ತೆ ಬರಬೇಕು ಎಂದು ಕೇಳಿಕೊಂಡಳು. ನಾನೂ ಕೈಮುಗಿದೆ. ಒಂದು ಮನೆ ತನ್ನ ಮನೆಗೇ ಮರಳಿ ಬರಬೇಕೆಂಬ ಪ್ರಾರ್ಥನೆಯಲ್ಲಿ ತರ್ಕದ ತೊಡಕು ಇತ್ತು; ಅದನ್ನು ಎತ್ತುವ ಹೊತ್ತು ಅದಾಗಿರಲಿಲ್ಲ. ದೀಪಕ್ಕೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಗಿಯುವ ಅಂದಾಜಿನಲ್ಲಿ ಎಣ್ಣೆ ಹಾಕಿದಳು.

ಅಧಿಕಾರಿ ಮರುದಿನ ಬೆಳಿಗ್ಗೆಯೇ ಬಂದರು. ಪಕ್ಕದ ಸೆಕ್ಟರಿನ ಕೆಲಸ ಬೇಗ ಮುಗಿಯಿತಂತೆ.

ಗೇಟಿನಲ್ಲಿ ನಾನಿದ್ದೆ. ಒಳಗೆ ಅಡುಗೆಮನೆಯಲ್ಲಿ ದೇವರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ, ಎದುರಿಗೆ ಆ ದೀಪ. ಬತ್ತಿ ನೆಟ್ಟಗೆ, ಜ್ವಾಲೆ ನಿಶ್ಚಲ, ಆರುವ ಯಾವ ಇರಾದೆಯೂ ಇಲ್ಲ. ಉಳಿದಂತೆ ಮನೆ ಬೋಳು. ಆರ್ಕಿಟೆಕ್ಟ್ ಕಿಟಕಿಯಿಂದ ಇಣುಕಿ, ಜೀವನದಲ್ಲಿ ಮೊದಲ ಬಾರಿ ನಗದೆ, "ಮಾಜೀ, ಫೂಂಕ್ ಮಾರೋ ನಾ!" ಎಂದು ಪಿಸುಗುಟ್ಟಿದ. ಊದಿ ಆರಿಸಿಬಿಡಿ. ಅಮ್ಮ ತಿರುಗಿಯೂ ನೋಡಲಿಲ್ಲ.

ಆಗ ನನ್ನೊಳಗೆ ಒಂದು ವಿಚಿತ್ರ ಧೈರ್ಯ ಹುಟ್ಟಿತು. "ಸಾಹೇಬ್, ತಾರಸಿ ಮೊದಲು," ಎಂದೆ.

ತಾರಸಿ ನೋಡಿದರು. ಪ್ಯಾರಪೆಟ್ಟಿನ ಎತ್ತರ ಒಂದು ಕಡೆ ಅಳೆದು ಇಳಿಯಹೊರಟರು. ನಾಲ್ಕೂ ಕಡೆ ಅಳೆಯಿರಿ ಎಂದು ವಿನಂತಿಸಿದೆ. ಅಳೆದರು. ನೀರು ಹರಿಯುವ ಇಳಿಜಾರು ಸರಿಯಿದೆಯೇ ಎಂದು ಕೇಳಿದೆ. ಇದೆ ಎಂದರು. ನೀರು ಸುರಿದು ನೋಡಬಹುದಲ್ಲ ಎಂದೆ. ನೀರೆಲ್ಲಿದೆ, ಓಸಿಯೇ ಇಲ್ಲವಲ್ಲ ಎಂದರು. ಮೆಟ್ಟಿಲುಗಳ ಎತ್ತರ, ಮೀಟರಿನ ಪೆಟ್ಟಿಗೆ, ಚರಂಡಿಯ ಮುಚ್ಚಳ, ಮುಂದಿನ ಖಾಲಿ ಜಾಗದ ಅಗಲ. ಇಷ್ಟು ದಿನ ಯಾವ ಟೇಪಿಗೆ ಹೆದರಿ ನಿದ್ದೆಗೆಟ್ಟಿದ್ದೆನೋ ಅದರ ತುದಿಯನ್ನು ನಾನೇ ಹಿಡಿದುಕೊಂಡು ಮನೆಯ ಸುತ್ತ ಓಡಾಡುತ್ತಿದ್ದೆ.

"ಇಷ್ಟು ವರ್ಷದ ಸರ್ವಿಸಿನಲ್ಲಿ, ಇನ್ನೂ ಅಳೆಯಿರಿ ಅಂದ ಮಾಲೀಕರನ್ನು ನೋಡಿರಲಿಲ್ಲ," ಎಂದರು ಅಧಿಕಾರಿ.

"ನಿಯಮ ಅಂದರೆ ನಿಯಮ ಸಾಹೇಬ್," ಎಂದೆ, ಕಿಟಕಿಯತ್ತ ಓರೆಗಣ್ಣು ಹಾಯಿಸಿ. ಒಳಗೆ ಇನ್ನೂ ಬೆಳಕು ಅಲುಗಾಡುತ್ತಿತ್ತು. "ಹಿಂದಿನ ಖಾಲಿ ಜಾಗ ಒಂದು ಉಳಿದಿದೆ."

ಆರ್ಕಿಟೆಕ್ಟ್ ನನ್ನ ತೋಳನ್ನು ಬಲವಾಗಿ ಚಿವುಟಿದ. ತಡವಾಗಿತ್ತು. ಹಿಂದಕ್ಕೆ ಹೋದ ಅಧಿಕಾರಿ ನೆಲ ಅಳೆದು, ಬೆವರು ಒರೆಸಲು ತಲೆಯೆತ್ತಿದವರು ಹಾಗೇ ನಿಂತರು. ಅಡುಗೆಮನೆಯ ಮುಚ್ಚಿದ ಹಿಂದಿನ ಕಿಟಕಿಯ ಮೇಲಿನ ಛಜ್ಜಾ. ಮಳೆನೀರು ಒಳಗೆ ಹೊಡೆಯಬಾರದೆಂದು ಅಮ್ಮ ಮೇಸ್ತ್ರಿಯ ಹತ್ತಿರ ಹೇಳಿ ಅದನ್ನು ಒಂದು ಗೇಣು ಉದ್ದ ಮಾಡಿಸಿದ್ದಳು. ನಕ್ಷೆಗೆ ಆ ಗೇಣಿನ ಸುಳಿವಿರಲಿಲ್ಲ. ಅದಕ್ಕಾಗಿಯೇ ಆರ್ಕಿಟೆಕ್ಟ್ ಹಿಂಭಾಗದ ಸುದ್ದಿ ಎತ್ತಿರಲಿಲ್ಲ.

ಟೇಪು ಮೇಲೇರಿತು. "ಇದನ್ನು ಒಡೆಯಬೇಕು," ಎಂದರು.

"ಖಂಡಿತ," ಎಂದೆ. ಅಷ್ಟು ಸಂತೋಷದಿಂದ ಯಾರೂ ಅವರಿಗೆ ಆ ಉತ್ತರ ಕೊಟ್ಟಿರಲಾರರು.

ಕೊನೆಗೆ, ಮಧ್ಯಾಹ್ನದ ಹೊತ್ತಿಗೆ, ಒಳಗೆ ಬಂದೆವು. ಅಮ್ಮ ಡಬ್ಬಿ ಹಿಡಿದು ಎದ್ದು ನಿಂತಿದ್ದಳು, ಅತಿಥಿಯ ಹಾಗೆ. ದೀಪದಿಂದ ನೂಲಿನಷ್ಟು ಹೊಗೆ ಮೇಲೇಳುತ್ತಿತ್ತು. ಅಧಿಕಾರಿ ಅದನ್ನು ನೋಡಿದರೋ ಇಲ್ಲವೋ, ನಾನು ಅವರ ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ. ಖಾಲಿ ಎಂದು ಬರೆದುಕೊಂಡು, ಛಜ್ಜಾ ಒಡೆದ ಫೋಟೋ ಕಳಿಸಿ ಎಂದು ಹೇಳಿ ಹೋದರು.

"ಸಾಹೇಬ್, ಪೀಛೇ ಕಾಯ್ಕು ಲೇಕೇ ಗಯೇ?" ಆರ್ಕಿಟೆಕ್ಟ್ ಬಾಗಿಲಲ್ಲೇ ಕೂತುಬಿಟ್ಟ. ಹಿಂದಕ್ಕೆ ಯಾಕೆ ಕರೆದುಕೊಂಡು ಹೋದಿರಿ? ಅವನಿಗೆ ತಿಳಿಸಿ ಹೇಳುವಷ್ಟು ಮರಾಠಿ ನನ್ನಲ್ಲಿರಲಿಲ್ಲ; ಕನ್ನಡವೂ ಇರಲಿಲ್ಲ.

ಛಜ್ಜಾ ಒಡೆಸಿದೆವು. ಪತ್ರ ಬಂದದ್ದು ಆಷಾಢದಲ್ಲಿ, ಬಾಡಿಗೆ ಕರಾರಿನ ಕೊನೆಯ ವಾರಕ್ಕೆ. ಆಷಾಢ ಎಂದೊಡನೆ ನಾನು ಅಮ್ಮನ ಮುಖ ನೋಡಿದೆ. ಅವಳಾಗಲೇ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. "ಒಕ್ಕಲು ಆಗಿ ಹೋಗಿದೆಯಲ್ಲ. ಇದು ಹಿಂದೆ ಬರುದು. ಹಿಂದೆ ಬರ್ಲಿಕ್ಕೆ ಮುಹೂರ್ತ ಯಾಕೆ?" ಎಂದಳು. ಧೋ ಎಂದು ಸುರಿಯುವ ಮಳೆಯಲ್ಲಿ, ಟೆಂಪೋದ ಮೇಲೆ ತಾಡಪತ್ರಿ ಹೊದಿಸಿಕೊಂಡು, ಯಾವ ಹೊತ್ತೆಂದು ನೋಡದೆ ಮನೆಗೆ ಬಂದೆವು.

ಈಗಲೂ ಗೇಟಿನ ಸದ್ದಾದರೆ ನನಗೆ ಕುಳಿತಲ್ಲಿಂದ ಎದ್ದು ನೋಡದಿದ್ದರಾಗದು. ಅಮ್ಮನಿಗೆ ಅಂಥ ತೊಂದರೆಯಿಲ್ಲ. ಆ ಮೊದಲ ಮಳೆಗಾಲದಲ್ಲೇ ಗಾಳಿ ತಿರುಗಿದಾಗಲೆಲ್ಲ ನೀರು ಅಡುಗೆಮನೆಯ ಕಿಟಕಿಯಿಂದ ನೇರ ಒಳಗೆ ಹೊಡೆಯುತ್ತಿತ್ತು. ನಾನು ಗೋಣಿಚೀಲ ಹಿಡಿದು ನೆಲ ಒರೆಸುತ್ತಿದ್ದೆ. ದೀಪವನ್ನು ಇನ್ನೊಂದು ಮೂಲೆಗೆ ಸರಿಸಿಟ್ಟು ಅಮ್ಮ ಕಿಟಕಿಯತ್ತ ನೋಡಿ ನಿಟ್ಟುಸಿರಿಟ್ಟಳು.

"ಇಷ್ಟೆಲ್ಲ ಮಾಡಿ ಮನೆ ಕಟ್ಟಿಸಿದೆ ಮಾರಾಯ. ಒಂದು ಛಜ್ಜಾ ಉಳಿಸ್ಲಿಕ್ಕೆ ಆಗ್ಲಿಲ್ಲ ನಿಂಗೆ!"

ನಾನು ಗೋಣಿಚೀಲ ಹಿಂಡಿ, ಮತ್ತೆ ಒರೆಸತೊಡಗಿದೆ.